ಅಪ್ಪನ ಮಾತಿಗಾಗಿ ಕಾರಿನ ಸದ್ದು ತಗ್ಗಿಸಿದ್ದು: ಒಂದು ಪ್ರಕರಣ

ಅಪ್ಪನಿಗೆ ಈಗ 74. ಎರಡೂ ಕಿವಿಗೆ ಮೆಷಿನ್ ಇದೆ. ಬಲಗಿವಿ ಪರವಾಗಿಲ್ಲ, ಎಡಗಿವಿ ತುಂಬಾ ಮಂದ. ಮನೆಯಲ್ಲಿ ಎದುರು ಕೂತು ಮಾತಾಡಿದರೆ ಎಲ್ಲಾ ಕೇಳುತ್ತದೆ. ಕಾರು ಹತ್ತಿದರೆ ಮಾತ್ರ ಅವರ ಮಾತು ನಿಂತುಹೋಗುತ್ತಿತ್ತು. ನಾನು ಏನು ಕೇಳಿದರೂ "ಹೂಂ" ಅನ್ನುತ್ತಿದ್ದರು. "ಊಟಕ್ಕೆ ಎಲ್ಲಿ ನಿಲ್ಲಿಸಲಿ ಅಪ್ಪಾ?" ಅಂದರೂ "ಹೂಂ." ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಬಂತು ಅಂದುಕೊಂಡಿದ್ದೆ. ನಿದ್ದೆ ಅಲ್ಲ ಅಂತ ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯಿತು.

ನಮ್ಮ ಮನೆ ಬೆಂಗಳೂರಿನ ಉತ್ತರಹಳ್ಳಿಯಲ್ಲಿ. ಕಾರು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 52,000 ಕಿಲೋಮೀಟರ್ ಓಡಿದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಅಪ್ಪನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತೇವೆ. ಮೊದಲು ಹಳೆಯ ಹೆದ್ದಾರಿಯಲ್ಲಿ ಊರೂರು ದಾಟಿಕೊಂಡು ನಿಧಾನವಾಗಿ ಹೋಗುತ್ತಿದ್ದೆವು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಹೋಗೋದು ರೂಢಿಯಾಯಿತು. ಹಿಂದಿರುಗಿ ನೋಡಿದರೆ ಅಪ್ಪ ಕಾರಿನಲ್ಲಿ ಮಾತು ಬಿಟ್ಟಿದ್ದು ಅದೇ ಹೊತ್ತಿನಲ್ಲಿ.

ಒಂದು ಸಲ ಅಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರ ಈ ಮಾತು ತೆಗೆದೆ. ಅವರು ವಿವರಿಸಿದ್ದು ಇಷ್ಟು. ವಯಸ್ಸಿನಿಂದ ಕಿವಿ ಮಂದವಾದಾಗ ಮೊದಲು ಹೋಗುವುದು ತೆಳ್ಳಗಿನ, ಚೂಪಾದ ಸ್ವರಗಳು. ಸ, ಶ, ತ, ಕ, ಪ ಇವುಗಳ ಗುರುತು ಅಲ್ಲೇ ಇರುತ್ತದೆ. ಕಾರಿನ ಸದ್ದು ಹೆಚ್ಚಾಗಿ ದಪ್ಪ ಸ್ವರದ್ದು, ಒಂದೇ ಸಮನೆ "ವೂಂ" ಅನ್ನುವ ಥರದ್ದು. ಜೋರಾದ ದಪ್ಪ ಸದ್ದು ತನಗಿಂತ ಮೇಲಿನ ತೆಳ್ಳಗಿನ ಸ್ವರಗಳನ್ನೂ ಮುಚ್ಚಿಹಾಕುತ್ತದೆ. ಮೆಷಿನ್ ಮಾತನ್ನೂ ದೊಡ್ಡದು ಮಾಡುತ್ತದೆ, ಸದ್ದನ್ನೂ ದೊಡ್ಡದು ಮಾಡುತ್ತದೆ. ಗದ್ದಲಕ್ಕೆ ಅಂತ ಬೇರೆ ಸೆಟ್ಟಿಂಗ್ ಹಾಕಿಕೊಟ್ಟರು. ಆ ಸೆಟ್ಟಿಂಗ್‌ನಲ್ಲಿ ಮೆಷಿನ್ ಮುಂದಿನಿಂದ ಬರುವ ಮಾತಿಗೆ ಹೆಚ್ಚು ಗಮನ ಕೊಡುತ್ತದೆ. ಕಾರಿನಲ್ಲಿ ಮಾತಾಡುವವರು ಪಕ್ಕದಲ್ಲಿ ಅಥವಾ ಹಿಂದೆ ಇರುತ್ತಾರೆ, ಅಲ್ವಾ? ಹಾಗಾಗಿ ಅದರಿಂದ ಪೂರ್ತಿ ಪರಿಹಾರ ಸಿಗಲಿಲ್ಲ.

ಹಾಗಾದರೆ ಸದ್ದನ್ನೇ ಕಡಿಮೆ ಮಾಡಬೇಕು. ಕಾರಿನ ತಗಡಿಗೆ ಅದುರು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸುತ್ತಾರೆ ಅಂತ ಗೊತ್ತಿತ್ತು. ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಶೆಡ್ ಇಟ್ಟಿರುವ ನಮ್ಮ ಭಾವನಿಗೆ ಫೋನ್ ಮಾಡಿ, "ಭಾವ, ನಾಲ್ಕು ಬಾಗಿಲಿಗೂ ಶೀಟ್ ಹಾಕೋಣ, ನೀವು ಬರ್ತೀರಾ?" ಅಂದೆ. ಅವರು, "ಬರ್ತೀನಿ ಬಿಡಪ್ಪ. ಆದರೆ ಸದ್ದು ಬಾಗಿಲಿಂದಲೇ ಬರ್ತಿದೆ ಅಂತ ನಿನಗೆ ಯಾರು ಹೇಳಿದ್ರು?" ಅಂದರು. ಆ ಒಂದು ಪ್ರಶ್ನೆಯಿಂದ ಇಡೀ ಕೆಲಸದ ದಾರಿ ಬದಲಾಯಿತು.

ಮೊದಲು ಅಳತೆ

ಎರಡು ಅಳತೆ ಇಟ್ಟುಕೊಂಡೆವು. ಒಂದು, ಸದ್ದು ಅಳೆಯುವ ಫೋನಿನ ಡೆಸಿಬೆಲ್ ಆ್ಯಪ್. ಅದು ತೋರಿಸುವ ಅಂಕಿ ಪಕ್ಕಾ ನಿಜ ಅಂತ ನಂಬಬಾರದು. ಅದೇ ಫೋನು, ಅದೇ ಜಾಗ, ಅದೇ ರಸ್ತೆ, ಅದೇ ವೇಗ ಇಟ್ಟರೆ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ಮಾತ್ರ ನಂಬಬಹುದು. ನೈಸ್ ರಸ್ತೆಯಲ್ಲಿ ಕನಕಪುರ ರಸ್ತೆಯಿಂದ ಮೈಸೂರು ರಸ್ತೆಯ ಕಡೆ ಹೋಗುವ ಭಾಗವನ್ನು ಆರಿಸಿಕೊಂಡೆವು. ಭಾನುವಾರ ಬೆಳಿಗ್ಗೆ, ಲಾರಿ ಕಡಿಮೆ ಇರುವ ಹೊತ್ತು. 80 ಕಿಲೋಮೀಟರ್ ವೇಗ, ಐದನೇ ಗೇರ್, ಗಾಜು ಪೂರ್ತಿ ಮೇಲೆ, ಎ.ಸಿ. ಬಂದ್. ಫೋನನ್ನು ಅಪ್ಪನ ಸೀಟಿನ ತಲೆದಿಂಬಿಗೆ ಕಟ್ಟಿ ಮೂರು ಸಲ ಓಡಿಸಿ ಸರಾಸರಿ ತೆಗೆದೆವು. ಬಂದದ್ದು 71.5 ಡೆಸಿಬೆಲ್.

ಎರಡನೆಯ ಅಳತೆ ನನ್ನ ಹೆಂಡತಿಯ ಯೋಚನೆ. "ಮಾವನಿಗೆ ಬೇಕಿರೋದು ಡೆಸಿಬೆಲ್ ಅಲ್ಲ, ಮಾತು" ಅಂದಳು. ಇಪ್ಪತ್ತು ಇಪ್ಪತ್ತು ಪದಗಳ ಮೂರು ಪಟ್ಟಿ ಬರೆದಳು. ಹಾಲು, ಕಲೆ, ಚೀಲ, ಬಸ್ಸು, ಪಾತ್ರೆ, ಸಾಲು ಇಂಥ ಎರಡಕ್ಷರದ ಮಾಮೂಲಿ ಪದಗಳು. ಭಾವ ಕಾರು ಓಡಿಸಿದರು. ಅವಳು ಹಿಂದಿನ ಸೀಟಿನ ನಡುವೆ ಕೂತು ಒಂದೊಂದೇ ಪದ ಹೇಳಿದಳು. ಅಪ್ಪ ಕೇಳಿಸಿದ್ದನ್ನು ವಾಪಸ್ ಹೇಳಬೇಕು. ಹಿಂದೆ ಕೂತರೆ ತುಟಿ ನೋಡಿ ಊಹಿಸೋಕೆ ಆಗಲ್ಲ. ಪ್ರತಿ ಸಲ ಬೇರೆ ಪಟ್ಟಿ, ಇಲ್ಲದಿದ್ದರೆ ಬಾಯಿಪಾಠ ಆಗಿಬಿಡುತ್ತದೆ. ಮೊದಲ ಸಲ 20ರಲ್ಲಿ 8 ಸರಿ ಬಂತು. "ಸಾಲು" ಅಂದರೆ "ಹಾಲು" ಅಂದರು. "ಕಲೆ" ಅಂದರೆ "ತಲೆ" ಅಂದರು. ಆರು ಪದಕ್ಕೆ ಸುಮ್ನೆ ತಲೆ ಅಲ್ಲಾಡಿಸಿದರು. ಅವತ್ತು ಮನೆಗೆ ಬಂದ ಮೇಲೆ ನನಗೆ ತುಂಬಾ ಹೊತ್ತು ಅದೇ ಯೋಚನೆ. ಒಂದು ವರ್ಷ ನಾನು ಅವರ ಜೊತೆ ಮಾತಾಡಿದ್ದೇನೆ ಅಂದುಕೊಂಡ ಮಾತುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೆ ತಲುಪೇ ಇರಲಿಲ್ಲ.

ಹೆಚ್ಚು ದುಡ್ಡು ಬೇಡದ ಕೆಲಸಗಳು

ಶೀಟ್ ಕೊಳ್ಳುವ ಮೊದಲು ಭಾವ ಟೈರು ನೋಡಿದರು. ಬಾಗಿಲ ಕಂಬದ ಚೀಟಿಯಲ್ಲಿ ಗಾಳಿಯ ಒತ್ತಡ 33 ಪಿಎಸ್‌ಐ ಅಂತ ಇದೆ. ನಮ್ಮ ಟೈರಿನಲ್ಲಿ 38 ಇತ್ತು. ಗಾಳಿ ಜಾಸ್ತಿಯಾದರೆ ಟೈರು ಗಟ್ಟಿಯಾಗಿ ರಸ್ತೆಯ ಅದುರನ್ನು ಹಾಗೇ ಕಾರಿನ ಮೈಗೆ ದಾಟಿಸುತ್ತದೆ. ಹಿಂದಿನ ಟೈರುಗಳ ಮೇಲೆ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಡೆಯುತ್ತಿತ್ತು. ಹೀಗೆ ಸವೆದ ಟೈರು ಗುಂಯ್‌ಗುಡುತ್ತದೆ. ಬೇರಿಂಗ್ ಸದ್ದೂ ಹೀಗೇ ಇರುತ್ತದೆ, ಆದರೆ ಅದು ತಿರುವಿನಲ್ಲಿ ಏರಿಳಿಯುತ್ತದೆ. ನಮ್ಮದು ತಿರುವಿನಲ್ಲೂ ಬದಲಾಗಲಿಲ್ಲ. ಹಾಗಾಗಿ ಹಿಂದಿನ ಟೈರು ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿಸಿ ಗಾಳಿ ಸರಿ ಮಾಡಿದೆವು.

ಆಮೇಲೆ ಬಾಗಿಲ ಬೀಡಿಂಗ್, ಅಂದರೆ ಅಂಚಿನ ರಬ್ಬರು ಪಟ್ಟಿ. ಒಂದು ನೋಟ್‌ಬುಕ್ ಹಾಳೆಯನ್ನು ಬಾಗಿಲ ಅಂಚಿಗಿಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ರಬ್ಬರು ಬಿಗಿಯಾಗಿದ್ದರೆ ಹಾಳೆ ತಡೆದು ತಡೆದು ಬರುತ್ತದೆ. ಎಡ ಹಿಂಬಾಗಿಲ ಮೇಲಿನ ಮೂಲೆಯಲ್ಲಿ ಹಾಳೆ ಸಲೀಸಾಗಿ ಜಾರಿತು. ಅಲ್ಲಿ ರಬ್ಬರು ಚಪ್ಪಟೆಯಾಗಿತ್ತು. ಆ ಒಂದು ಬಾಗಿಲಿಗೆ ಹೊಸ ಬೀಡಿಂಗ್ ಹಾಕಿದ ಮೇಲೆ ಗಾಳಿಯ ಸಿಳ್ಳೆ ನಿಂತಿತು. ಇಷ್ಟರಲ್ಲೇ 71.5 ಇದ್ದದ್ದು 70.5ಕ್ಕೆ ಇಳಿಯಿತು.

ಕೌದಿ ಹೇಳಿದ ಉತ್ತರ

ಸದ್ದು ಎಲ್ಲಿಂದ ಒಳಗೆ ಬರುತ್ತಿದೆ? ಇದನ್ನು ಹುಡುಕಿದ ರೀತಿಯೇ ಈ ಪ್ರಕರಣದಲ್ಲಿ ಮುಖ್ಯ ಅಂತ ನನಗೆ ಅನಿಸುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನನ್ನ ಹೆಂಡತಿ ಧಾರವಾಡದ ಕಡೆಯವಳು. ತವರಿನಿಂದ ಬಂದ ಎರಡು ಕೌದಿ ಮನೆಯಲ್ಲಿವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿದದ್ದು, ಒಳ್ಳೆ ಭಾರ. ಭಾರವಾದ, ಮೆತ್ತನೆಯ ಯಾವ ಹೊದಿಕೆಯಾದರೂ ಈ ಕೆಲಸಕ್ಕೆ ಆಗುತ್ತದೆ. ಮೊದಲು ಎರಡು ಕೌದಿಯನ್ನೂ ಮಡಚಿ ಹಿಂಬಾಗಿಲುಗಳ ಒಳಮೈಗೆ ಒತ್ತಿ ಕಟ್ಟಿ ಓಡಿಸಿದೆವು. 70.3. ಅಂದರೆ ಬದಲಾವಣೆ ಇಲ್ಲ ಅನ್ನಬಹುದು. ಮುಂಬಾಗಿಲಿಗೆ ಕಟ್ಟಿದಾಗಲೂ ಹೆಚ್ಚೂಕಡಿಮೆ ಅಷ್ಟೇ. ಆಮೇಲೆ ಡಿಕ್ಕಿಯ ನೆಲದ ಮೇಲೆ, ಎರಡು ಹಿಂಚಕ್ರಗಳ ಉಬ್ಬಿನ ಮೇಲೆ ಹೊದಿಸಿದೆವು. 69ಕ್ಕೆ ಬಂತು. ಅಂಕಿ ನೋಡುವ ಮೊದಲೇ ಕಿವಿಗೆ ಗೊತ್ತಾಯಿತು. ಬೆನ್ನ ಹಿಂದಿನ "ವೂಂ" ದೂರ ಸರಿದಂತೆ ಆಯಿತು.

ಕಾರಣ ಯೋಚಿಸಿದರೆ ಸರಳ. ಸೆಡಾನ್ ಕಾರಿನಲ್ಲಿ ಹಿಂದಿನ ಸೀಟು ಮತ್ತು ಡಿಕ್ಕಿಯ ನಡುವೆ ಗೋಡೆಯಂಥ ತಡೆ ಇರುತ್ತದೆ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿಯೂ ನಾವು ಕೂತ ಜಾಗವೂ ಒಂದೇ ಕೋಣೆ. ಸ್ಟೆಪ್ನಿ ಇಡುವ ಗುಂಡಿ ತೆಳು ತಗಡಿನ ದೊಡ್ಡ ತಟ್ಟೆ. ಭಾವ ಸ್ಟೆಪ್ನಿ ತೆಗೆದು ಗುಂಡಿಯ ನಡುವೆ ಗೆಣ್ಣಿನಿಂದ ತಟ್ಟಿದರು. "ಡಂಂಂ" ಅಂತ ತಮಟೆಯ ಹಾಗೆ ಎಳೆಯಿತು. ಅದರ ಪಕ್ಕದಲ್ಲೇ ಎರಡು ಚಕ್ರ ಉರುಳುತ್ತಿವೆ. ಮಡ್‌ಗಾರ್ಡ್ ಒಳಗಿನ ತಗಡಿಗೆ ಕಂಪನಿಯವರು ಎಲ್ಲೋ ಒಂದೆರಡು ತುಂಡು ಬಿಟ್ಟರೆ ಏನೂ ಅಂಟಿಸಿರಲಿಲ್ಲ.

ಶೀಟು, ಮತ್ತು ಮೊದಲು ತಂದ ತಪ್ಪು ಶೀಟು

ಡ್ಯಾಂಪಿಂಗ್ ಶೀಟ್ ಅಂದರೆ 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ ರಬ್ಬರು, ಮೇಲೊಂದು ಅಲ್ಯೂಮಿನಿಯಂ ಹಾಳೆ. ತಗಡು ಅದುರಿದಾಗ ರಬ್ಬರು ತಗಡಿಗೂ ಅಲ್ಯೂಮಿನಿಯಂಗೂ ನಡುವೆ ಸಿಕ್ಕಿ ಎಳೆದಾಡುತ್ತದೆ. ಆ ಎಳೆದಾಟದಲ್ಲಿ ಅದುರು ಬಿಸಿಯಾಗಿ ಕರಗಿಹೋಗುತ್ತದೆ. ಅಲ್ಯೂಮಿನಿಯಂ ಇರೋದು ಹೊಳಪಿಗಲ್ಲ, ರಬ್ಬರನ್ನು ಮೇಲಿನಿಂದ ಹಿಡಿದಿಡೋಕೆ. ಹಾಗಾಗಿ ಇದು ತಗಡು ಹಾಡುವುದನ್ನು ನಿಲ್ಲಿಸುತ್ತದೆ. ಗಾಳಿಯಲ್ಲಿ ತೂರಿ ಬರುವ ಸದ್ದನ್ನು ತಡೆಯೋದು ಇದರ ಕೆಲಸ ಅಲ್ಲ. ಅದಕ್ಕೆ ಭಾರವಾದ ಪರದೆ ಬೇಕು. ಎರಡೂ ಒಂದೇ ಅಂದುಕೊಂಡು ಶೀಟಿನ ಮೇಲೆ ಶೀಟು ಅಂಟಿಸಿ ದುಡ್ಡು ಕಳೆದುಕೊಳ್ಳುವವರು ತುಂಬಾ ಜನ.

ಮೊದಲು ಒಂದು ಅಂಗಡಿಯಿಂದ ತಂದದ್ದು ಬ್ಯೂಟೈಲ್ ಅಂತಲೇ ಹೇಳಿ ಕೊಟ್ಟದ್ದು. ಬೆಲೆ ಅಗ್ಗ ಇತ್ತು. ಭಾವ ಒಂದು ತುಂಡನ್ನು ಶೆಡ್ಡಿನ ತಗಡಿನ ಮೇಲೆ ನಿಲುವಾಗಿ ಅಂಟಿಸಿ ಮಾರ್ಚಿನ ಬಿಸಿಲಿಗೆ ಬಿಟ್ಟರು. ಮೂರು ಗಂಟೆಗೆ ನೋಡಿದರೆ ಅಂಚು ಕರಗಿ ಕೆಳಕ್ಕೆ ಜಾರಿತ್ತು, ಡಾಂಬರಿನ ವಾಸನೆ. ಅದು ಡಾಂಬರು ಮೂಲದ ಶೀಟು, ಮನೆ ಛಾವಣಿಗೆ ನೀರು ಸೋರದ ಹಾಗೆ ಹಾಕುವ ಜಾತಿಯದು. ಮುಚ್ಚಿದ ಕಾರು ಬಿಸಿಲಲ್ಲಿ ನಿಂತರೆ ಒಳಗೆ ಆ ವಾಸನೆ ತುಂಬುತ್ತದೆ. ಅಪ್ಪನನ್ನು ಅದರಲ್ಲಿ ಕೂರಿಸುವುದು ಸಾಧ್ಯವೇ ಇರಲಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ಜೆ.ಸಿ. ರಸ್ತೆಯಲ್ಲಿ ನಾಲ್ಕಾರು ಕಡೆ ಒಂದೊಂದು ತುಂಡು ಮಾತ್ರ ಕೊಂಡು, ಎಲ್ಲವನ್ನೂ ಬಿಸಿಲಿಗೆ ಇಟ್ಟು ನೋಡಿ, ಆಮೇಲೆ ಪೂರ್ತಿ ತಂದೆವು. ಅಲ್ಲೇ ಬಾಗಿಲ ಒಳಮೈಯ ಪ್ಲಾಸ್ಟಿಕ್ ಪ್ಯಾಡಿನ ಕ್ಲಿಪ್‌ಗಳನ್ನೂ ಹತ್ತು ಜಾಸ್ತಿ ತಂದುಕೊಂಡೆವು.

ಕೊನೆಗೆ ಬಳಸಿದ್ದು: ಬ್ಯೂಟೈಲ್ ಶೀಟು ಸುಮಾರು ಎರಡೂವರೆ ಚದರ ಮೀಟರು, 6 ಮಿಲಿಮೀಟರಿನ ನೀರು ಹೀರದ ಫೋಮು, ಡಿಕ್ಕಿಯ ನೆಲಕ್ಕೆ ಭಾರವಾದ ವಿನೈಲ್ ಹಾಸು ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ವಿನೈಲ್ ಚದರ ಮೀಟರಿಗೆ 5 ಕೆಜಿ ತೂಗುತ್ತದೆ. ಎಲ್ಲಾ ಸೇರಿ ಕಾರಿಗೆ ಸುಮಾರು 14 ಕೆಜಿ ಏರಿತು, ಅಂದರೆ ಒಂದು ಅಡುಗೆ ಸಿಲಿಂಡರಿನ ಒಳಗಿರುವ ಗ್ಯಾಸಿನಷ್ಟು. ತಪ್ಪು ಶೀಟಿನ ದುಡ್ಡು ಬಿಟ್ಟು ನನಗೆ ಆದ ಖರ್ಚು 9,000 ರೂಪಾಯಿ ಹತ್ತಿರ.

ಡಿಕ್ಕಿಯ ಕೆಲಸ

ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಸ್ಟೆಪ್ನಿ, ಜಾಕು, ಕಾರ್ಪೆಟ್, ಪಕ್ಕದ ಪ್ಲಾಸ್ಟಿಕ್ ಪ್ಯಾಡು ಎಲ್ಲಾ ತೆಗೆದೆವು. ತೆಗೆಯುವ ಮೊದಲು ಪ್ರತಿಯೊಂದರ ಫೋಟೋ. ತಗಡನ್ನು ಮೊದಲು ಒದ್ದೆ ಬಟ್ಟೆಯಿಂದ, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆವು. ಬಟ್ಟೆ ಬೆಳ್ಳಗೆ ಬರುವವರೆಗೂ ಒರೆಸಬೇಕು. ಕೆಲಸ ಬಾಳಿಕೆ ಬರುವುದು ಇದರಿಂದಲೇ. ಧೂಳಿನ ಮೇಲೆ ಅಂಟಿಸಿದ ಶೀಟು ಧೂಳಿಗೆ ಅಂಟಿಕೊಂಡಿರುತ್ತದೆ, ತಗಡಿಗಲ್ಲ.

ಶೀಟನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ನಡುವಿನಿಂದ ಅಂಚಿಗೆ ರೋಲರ್ ಒತ್ತಿ ಉರುಳಿಸಬೇಕು. ಅಲ್ಯೂಮಿನಿಯಂ ಮೇಲಿನ ಉಬ್ಬು ಚಿತ್ತಾರ ಪೂರ್ತಿ ಚಪ್ಪಟೆಯಾದರೆ ಹಿಡಿದಿದೆ ಅಂತ ಅರ್ಥ. ಗ್ಲೌಸ್ ಬೇಕೇ ಬೇಕು, ಅದರ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತದೆ. ಬೆಂಕಿ ಮಾತ್ರ ಬೇಡ ಅಂತ ಭಾವ ಮೊದಲೇ ಹೇಳಿದರು. ಅವರ ಶೆಡ್ಡಿನಲ್ಲಿ ಗ್ಯಾಸ್ ಟಾರ್ಚ್ ಇದೆ, ಆದರೆ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕಿನ ಪಂಪಿನ ಮುಚ್ಚಳ ಇದೆ. ಆ ಮುಚ್ಚಳದ ಮೇಲೂ, ನೆಲದ ರಬ್ಬರ್ ಬಿರಡೆಗಳ ಮೇಲೂ, ಸೀಟ್ ಬೆಲ್ಟಿನ ಬೋಲ್ಟ್ ಮೇಲೂ ಏನೂ ಅಂಟಿಸಲಿಲ್ಲ. ಮುಂದಿನ ಸೀಟು ಬಿಚ್ಚಲೇ ಇಲ್ಲ. ಅದರ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇದೆ. ಹಳದಿ ಅಂದರೆ ಏರ್‌ಬ್ಯಾಗಿಗೆ ಸೇರಿದ ವೈರು. ನಮಗೆ ಪಳಗದ ಆ ಕೆಲಸಕ್ಕೆ ಕೈ ಹಾಕುವುದು ಬೇಡ ಅಂತ ಇಬ್ಬರೂ ಒಪ್ಪಿದೆವು.

ತಗಡನ್ನು ಪೂರ್ತಿ ಮುಚ್ಚುವುದು ಬೇಕಿಲ್ಲ. ಅಂಚು, ಮಡಿಕೆ, ಏಣು ಇರುವ ಕಡೆ ತಗಡು ತಾನೇ ಗಟ್ಟಿ. ನಡುವಿನ ಬಯಲು ಜಾಗವೇ ಅದುರುವುದು. ಭಾವ ಗುಂಡಿಯ ನಡುವೆ ಒಂದು ತುಂಡು ಹಾಕಿ ತಟ್ಟಿದರು. "ಡಂಂಂ" ಹೋಗಿ "ಟಕ್" ಆಯಿತು. ಇನ್ನೊಂದು ತುಂಡು ಹಾಕಿ ತಟ್ಟಿದರು, ಹೆಚ್ಚು ವ್ಯತ್ಯಾಸ ಆಗಲಿಲ್ಲ. "ಅಷ್ಟು ಸಾಕು, ಮುಂದಿನ ಜಾಗಕ್ಕೆ ಹೋಗು" ಅಂದರು. ಮೂರರಲ್ಲಿ ಒಂದು ಭಾಗ ಮುಚ್ಚಿದರೆ ಬರಬೇಕಾದ ಲಾಭದ ಬಹುಪಾಲು ಬಂದುಬಿಡುತ್ತದೆ. ಚಕ್ರದ ಉಬ್ಬಿಗೆ ಮಾತ್ರ ಸ್ವಲ್ಪ ಜಾಸ್ತಿ ಹಾಕಿ, ಮೇಲೆ ಫೋಮು, ನೆಲಕ್ಕೆ ಫೋಮಿನ ಮೇಲೆ ವಿನೈಲ್, ಅದರ ಮೇಲೆ ಮೊದಲಿನ ಕಾರ್ಪೆಟ್.

ಮುಂದಿನ ಭಾನುವಾರ ನೈಸ್ ರಸ್ತೆಯಲ್ಲಿ 68.8. ಎರಡನೆಯ ಪಟ್ಟಿಯಲ್ಲಿ ಅಪ್ಪ 20ಕ್ಕೆ 13 ಪದ ಸರಿ ಹೇಳಿದರು.

ಬಾಗಿಲುಗಳು

ಇಲ್ಲಿಗೇ ನಿಲ್ಲಿಸಬಹುದಿತ್ತು. ಶೀಟು ಉಳಿದಿತ್ತು, ಬಾಗಿಲಿಗೂ ಹಾಕಿದೆವು. ಬಾಗಿಲ ಕೆಲಸ ಕಷ್ಟ. ಬ್ಯಾಟರಿ ತೆಗೆದಿಟ್ಟು, ಪ್ಯಾಡು ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದ ಹಾಗೆ ಸುಲಿದು, ಆ ತೂತುಗಳೊಳಗೆ ಕೈ ತೂರಿಸಿ ಹೊರ ತಗಡಿಗೆ ಅಂಟಿಸಬೇಕು. ಗಾಜನ್ನು ಪೂರ್ತಿ ಇಳಿಸಿ ಏರಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಬೇಕು. ಬಾಗಿಲ ಒಳಗೆ ಮಳೆ ನೀರು ಇಳಿಯುವುದು ಸಹಜ, ಹಾಗಾಗಿ ಅಲ್ಲಿ ನೀರು ಹೀರುವ ಯಾವ ವಸ್ತುವೂ ಬೇಡ. ಸುಲಿದ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಬಿಗಿಯಾಗಿ ಅಂಟಿಸಲೇಬೇಕು. ಕೆಲವು ಕಾರುಗಳಲ್ಲಿ ಬಾಗಿಲೊಳಗಿನ ಗಾಳಿಯ ಒತ್ತಡ ನೋಡಿ ಏರ್‌ಬ್ಯಾಗ್ ಬಿಡುವ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಬಾಗಿಲ ತೂತುಗಳನ್ನು ಮನಸ್ಸಿಗೆ ಬಂದಂತೆ ಮುಚ್ಚಬಾರದು. ನಮ್ಮದರಲ್ಲಿ ಅದಿಲ್ಲ ಅಂತ ಖಚಿತ ಮಾಡಿಕೊಂಡೇ ಮುಂದುವರಿದೆವು.

ಇಲ್ಲೊಂದು ತಪ್ಪಾಯಿತು. ಎರಡು ವಾರ ಬಿಟ್ಟು ಸಂಜೆ ಜೋರು ಮಳೆ ಬಂತು. ಮಾರನೇ ದಿನ ಬ್ರೇಕ್ ಹಾಕಿದಾಗೆಲ್ಲ ಎಡ ಮುಂಬಾಗಿಲಿಂದ ಗಳಗಳ ಸದ್ದು. ಅಂದರೆ ಅಪ್ಪನ ಪಕ್ಕದಲ್ಲೇ. ಪ್ಯಾಡು ಬಿಚ್ಚಿದರೆ ಬಾಗಿಲ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿದೆ. ನೀರು ಹೋಗೋಕೆ ತಳದಲ್ಲಿ ಸಣ್ಣ ಸೀಳುಗಳಿರುತ್ತವೆ. ನಾನು ಅಂಟಿಸಿದ ಒಂದು ತುಂಡು ಕೆಳಕ್ಕೆ ಇಳಿದು ಅವುಗಳ ಮೇಲೆ ಕೂತಿತ್ತು. ಅಲ್ಲಿ ಸರಿಯಾಗಿ ಒರೆಸಿರಲಿಲ್ಲ. ಆ ತುಂಡು ತೆಗೆದು, ನೀರು ಬಸಿದು, ಎರಡು ದಿನ ಒಣಗಿಸಿ ಮತ್ತೆ ಮಾಡಿದೆವು. ಇನ್ನೊಂದು ತಿಂಗಳು ಗೊತ್ತಾಗದೆ ಹೋಗಿದ್ದರೆ ಬಾಗಿಲ ತಳ ತುಕ್ಕು ಹಿಡಿಯುತ್ತಿತ್ತು. ಈಗ ಬಾಗಿಲ ತಳದಿಂದ ನಾಲ್ಕು ಇಂಚಿನವರೆಗೆ ಏನೂ ಇಲ್ಲ. ಲೋಟದಲ್ಲಿ ನೀರು ಹುಯ್ದು ಕೆಳಗೆ ಬರುವುದನ್ನು ನಾಲ್ಕೂ ಬಾಗಿಲಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಪ್ಯಾಡು ಹಾಕಿದ್ದು.

ನಾಲ್ಕು ಬಾಗಿಲ ಮೇಲೆ ಬಂದ ಲಾಭ ಅರ್ಧ ಡೆಸಿಬೆಲ್, 68.3. ಪದಗಳು 14. ಬಾಗಿಲು ಹಾಕಿದಾಗ ಮಾತ್ರ "ಧಪ್" ಅಂತ ದೊಡ್ಡ ಕಾರಿನ ಸದ್ದು ಬರುತ್ತದೆ. ನೋಡೋಕೆ ಬಂದವರೆಲ್ಲ ಬಾಗಿಲು ಹಾಕಿ ತೆಗೆದು ಖುಷಿಪಡುತ್ತಾರೆ. ಎಲ್ಲರೂ ಮೊದಲು ಬಾಗಿಲಿಗೇ ಹೋಗುವುದು ಇದಕ್ಕೇ ಅಂತ ನನಗೆ ಅನಿಸುತ್ತದೆ. ಅಪ್ಪನ ಮಾತು ನುಂಗುತ್ತಿದ್ದ ಸದ್ದು ಅಲ್ಲಿರಲಿಲ್ಲ.

ಅಂಕಿಗಳ ಅರ್ಥ

ಒಟ್ಟು ಇಳಿದದ್ದು 3.2 ಡೆಸಿಬೆಲ್. ಕೇಳೋಕೆ ಚಿಕ್ಕದು. 3 ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಅರ್ಧವಾಗುತ್ತದೆ. ಆದರೆ ಕಿವಿಗೆ ಅರ್ಧ ಅನಿಸಬೇಕಾದರೆ ಸುಮಾರು 10 ಇಳಿಯಬೇಕು. "ಕಾರು ನಿಶ್ಶಬ್ದ ಆಯ್ತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಮ್ಮದು ಆಗಿಲ್ಲ. ಇನ್ನೊಂದು ವಿಷಯ, ಆ್ಯಪಿನ ಮಾಮೂಲಿ ಅಳತೆ ದಪ್ಪ ಸದ್ದನ್ನು ಕಡಿಮೆ ಎಣಿಸುತ್ತದೆ. ಸಿ ಅನ್ನುವ ಸೆಟ್ಟಿಂಗ್‌ಗೆ ಬದಲಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ 91 ಇದ್ದದ್ದು 87 ಆಗಿದೆ. ತೆಳ್ಳಗಿನ ಅಕ್ಷರಗಳನ್ನು ಮುಚ್ಚುತ್ತಿದ್ದ "ವೂಂ" ಇಳಿದದ್ದು ಇಲ್ಲಿ ಕಾಣುತ್ತದೆ. ಮೂರು ಪಟ್ಟಿ, ಒಬ್ಬರೇ ಕೇಳುಗರು. ಇದನ್ನು ದೊಡ್ಡ ಪರೀಕ್ಷೆ ಅನ್ನೋಕೆ ಆಗಲ್ಲ. ಆದರೆ ನನಗೆ ಬೇಕಿದ್ದದ್ದು ಆ ಒಬ್ಬರ ಉತ್ತರವೇ.

ವೇಗದ ಲೆಕ್ಕ ನೋಡಿ ನಾನೇ ಬೆರಗಾದೆ. ವೇಗ ಎರಡು ಪಟ್ಟಾದರೆ ಟೈರಿನ ಸದ್ದು ಸುಮಾರು 9 ಡೆಸಿಬೆಲ್ ಏರುತ್ತದೆ. ಆ ಲೆಕ್ಕದಲ್ಲಿ 95ರಿಂದ 80ಕ್ಕೆ ಇಳಿದರೆ ಎರಡು ಡೆಸಿಬೆಲ್ ಸುಮ್ನೆ ಸಿಗುತ್ತದೆ. ಎರಡು ಭಾನುವಾರ, 14 ಕೆಜಿ ಸಾಮಾನು ಕೊಟ್ಟದ್ದರ ಹತ್ತಿರ ಹತ್ತಿರ ಅಷ್ಟೇ. ಈಗ ಅಪ್ಪ ಇದ್ದರೆ ಮೈಸೂರು ದಾರಿಯಲ್ಲಿ ಎಡಗಡೆಯ ಲೇನ್ ಹಿಡಿದು 80ರಲ್ಲೇ ಹೋಗುತ್ತೇನೆ. ಅವರು ಮುಂದಿನ ಎಡ ಸೀಟಿನಲ್ಲೇ ಕೂರುತ್ತಾರೆ, ಆಗ ಚೆನ್ನಾಗಿರುವ ಬಲಗಿವಿ ನನ್ನ ಕಡೆಗಿರುತ್ತದೆ. ಹೋದ ಸಲ ಬಿಡದಿ ದಾಟುವಾಗ, "ಆವಾಗಿಂದ ಇಂಡಿಕೇಟರ್ ಟಿಕ್ ಟಿಕ್ ಅಂತಿದೆ, ಆಫ್ ಮಾಡೋ" ಅಂದರು. ಅವರಿಗೆ ಆ ಸದ್ದು ಕಾರಿನಲ್ಲಿ ಕೇಳಿಸಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

ಮಳೆ ಬಂದರೆ ಈಗಲೂ ಮಾತು ನಿಲ್ಲುತ್ತದೆ. ಛಾವಣಿಯ ಒಳಬಟ್ಟೆ ಬಿಚ್ಚುವುದು ದೊಡ್ಡ ಕೆಲಸ, ಮಡಿಚಿ ಮುರಿದರೆ ಸರಿಯಾಗುವುದಿಲ್ಲ, ಹಾಗಾಗಿ ಅದನ್ನು ಮುಟ್ಟಿಲ್ಲ. ಗರಗಸ ಹಲ್ಲಿನ ಎರಡು ಟೈರು ಮುಂದಿನ ವರ್ಷ ಬದಲಾಗಬೇಕು.

ಎಲ್ಲಾ ಮುಗಿದ ಮೇಲೆ ಭಾವ ಒಂದು ಕೊನೆಯ ಓಟ ಬೇಕು ಅಂದರು. ಕೌದಿಗಳನ್ನು ಮತ್ತೆ ಡಿಕ್ಕಿಯಲ್ಲಿ, ಚಕ್ರದ ಉಬ್ಬಿನ ಮೇಲೆ ಮೊದಲಿನ ಹಾಗೇ ಹೊದಿಸಿ ಅದೇ ರಸ್ತೆಯಲ್ಲಿ ಓಡಿಸಿದೆವು. 68.1. ಮೊದಲು ಒಂದೂವರೆ ಡೆಸಿಬೆಲ್ ಇಳಿಸಿದ ಕೌದಿ ಈಗ ಲೆಕ್ಕಕ್ಕೆ ಬರುವಷ್ಟು ಏನೂ ಮಾಡಲಿಲ್ಲ. ಆ ದಾರಿ ಮುಚ್ಚಿದೆ ಅಂತ ಅರ್ಥ. ನನ್ನ ಹೆಂಡತಿ ಕೌದಿಗಳನ್ನು ಒಗೆದು ಒಣಗಿಸಿ ಅಪ್ಪನ ಮಂಚಕ್ಕೆ ಹಾಸಿದಳು.